ಹದಿನಾಲ್ಕು ಅಂಶ, ಒಂದು ಬಟ್ಟಲು ಹೆಪ್ಪು

ಮೂವತ್ತೊಂದು ವರ್ಷ ನಾನು ಕಾಲೇಜು ಮಕ್ಕಳಿಗೆ ಚರಿತ್ರೆ ಪಾಠ ಮಾಡಿದೆ, ಮೊದಲು ಗುಬ್ಬಿಯಲ್ಲಿ, ಆಮೇಲೆ ತುಮಕೂರಿನಲ್ಲಿ. ಅಷ್ಟೂ ವರ್ಷ ಪಠ್ಯಪುಸ್ತಕದಲ್ಲಿದ್ದ ಒಬ್ಬ ಮನುಷ್ಯನ ಪಟ ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವನು ನನಗೇನೂ ಮಾಡಿರಲಿಲ್ಲ. ನಾನು ಹುಟ್ಟುವ ಎಷ್ಟೋ ಮೊದಲೇ ತೀರಿಹೋಗಿದ್ದ. ಮೊದಲ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಅಧ್ಯಕ್ಷನಾಗಿದ್ದವನು. ಯುದ್ಧ ಮುಗಿದ ಮೇಲೆ ಲೋಕ ಹೇಗಿರಬೇಕು ಎಂದು ಹದಿನಾಲ್ಕು ಅಂಶಗಳ ಪಟ್ಟಿ ಮಾಡಿ, ಅದನ್ನು ಹಿಡಿದುಕೊಂಡು ಹಡಗು ಹತ್ತಿ ಯುರೋಪಿಗೆ ಹೋದ ಮಹಾನುಭಾವ. ಮೂಗಿನ ಮೇಲೆ ಕಡ್ಡಿಯಿಲ್ಲದ ಕನ್ನಡಕ, ಉದ್ದ ಮುಖ, ಬಿಗಿದ ತುಟಿ. ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಮಕ್ಕಳ ಉಗುರು ನೋಡುವ ಮುಂಚೆ ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದ.

ಪ್ರತಿ ವರ್ಷ ಪರೀಕ್ಷೆಯಲ್ಲಿ ಅವನು ಬಂದೇ ಬರುತ್ತಿದ್ದ. 'ಹದಿನಾಲ್ಕು ಅಂಶಗಳನ್ನು ವಿವರಿಸಿ.' ಮಕ್ಕಳು ಗೈಡಿನಿಂದ ಉರು ಹೊಡೆದು ನಾಲ್ಕೈದು ಬರೆಯುವ ಹೊತ್ತಿಗೆ ಮುಂದಿನದು ಮರೆತುಹೋಗುತ್ತಿತ್ತು. ಆಮೇಲೆ ಅವರ ಸ್ವಂತದ್ದು ಶುರು. ಆರನೆಯದು, ಎಲ್ಲರೂ ಶಾಂತಿಯಿಂದ ಇರಬೇಕು. ಏಳನೆಯದು, ಯಾರೂ ಜಗಳ ಆಡಬಾರದು. ಎಂಟನೆಯದು, ದೊಡ್ಡವರು ಚಿಕ್ಕವರಿಗೆ ತೊಂದರೆ ಕೊಡಬಾರದು. ಮೌಲ್ಯಮಾಪನಕ್ಕೆ ಕೂತ ನನ್ನ ಜೊತೆಯವರು ಇದನ್ನು ನೋಡಿ ನಗುತ್ತಿದ್ದರು, ಕೆಂಪು ಗೆರೆ ಎಳೆಯುತ್ತಿದ್ದರು. ನಾನು ಅಂಕ ಕೊಡುತ್ತಿದ್ದೆ. ಅಸಲಿ ಪಟ್ಟಿಯಲ್ಲೂ ಅದಕ್ಕಿಂತ ಹೆಚ್ಚಿನದೇನೂ ನನಗೆ ಕಂಡಿರಲಿಲ್ಲ.

ತರಗತಿಯಲ್ಲಿ ಅವನ ಪಾಠ ಬಂದ ದಿನ ನನಗೆ ಹಬ್ಬ. ಪಾದ್ರಿಯ ಮಗ, ಕೆಲಸದಲ್ಲಿ ಮೇಷ್ಟ್ರು, ಕೇಳಬೇಕೇ ಎಂದು ಶುರುಮಾಡುತ್ತಿದ್ದೆ. ಬೋರ್ಡಿನ ಮೇಲೆ ಬರೆದದ್ದೆಲ್ಲ ಲೋಕದಲ್ಲೂ ಹಾಗೇ ಆಗುತ್ತದೆ ಎಂದು ತಿಳಿದುಕೊಂಡವನು ಎನ್ನುತ್ತಿದ್ದೆ. ಯಾರ ಗಡಿ ಎಲ್ಲಿರಬೇಕು ಎಂದು ಇವನು ಬರೆದ. ಆ ಗಡಿಯಲ್ಲಿ ಬದುಕುತ್ತಿದ್ದವರನ್ನು ಕೇಳಲಿಲ್ಲ. ವಸಾಹತುಗಳ ಜನರ ಹಿತವನ್ನೂ ನೋಡಬೇಕು ಎಂದು ಒಂದು ಸಾಲು ಗೀಚಿದ. ಆ ಸಾಲನ್ನು ನಂಬಿ ಕಾದ ನಮ್ಮಂಥವರಿಗೆ ಸಿಕ್ಕಿದ್ದು ಸೊನ್ನೆ. ಆ ಯುದ್ಧಕ್ಕೆಂದು ಮೈಸೂರಿನ ಕುದುರೆ ಸವಾರರು ಯಾವುದೋ ಮರಳುಗಾಡಿಗೆ ಹೋಗಿ ಪ್ರಾಣ ಕೊಟ್ಟಿದ್ದರು. ಕುಣಿಗಲ್ಲಿನ ಕುದುರೆಗಳೂ ಹೋಗಿದ್ದವು ಎಂದು ನಮ್ಮಜ್ಜ ಹೇಳುತ್ತಿದ್ದ. ಆ ಅಧ್ಯಕ್ಷನ ಮನೆಯವರೇ, ಅಂದರೆ ಅವನ ದೇಶದ ಸೆನೆಟ್ಟೇ, ಅವನ ಒಪ್ಪಂದಕ್ಕೆ ಒಪ್ಪಲಿಲ್ಲ. ಊರಿಗೆಲ್ಲ ಕರೆಯೋಲೆ ಹಂಚಿ ಮದುವೆಗೆ ತಾನೇ ಬರದ ಯಜಮಾನ ಎಂದು ನಾನು ಹೇಳಿದಾಗ ಹಿಂದಿನ ಬೆಂಚಿನವರೂ ನಗುತ್ತಿದ್ದರು.

ಆದರೆ ನನ್ನ ನಿಜವಾದ ಸಿಟ್ಟು ಇದ್ದದ್ದು ಮೊದಲನೆಯ ಅಂಶದ ಮೇಲೆ. ಇನ್ನು ಮುಂದೆ ಕದ್ದುಮುಚ್ಚಿ ಒಪ್ಪಂದ ಮಾಡಿಕೊಳ್ಳುವಂತಿಲ್ಲ, ಎಲ್ಲವೂ ಬಹಿರಂಗವಾಗಿಯೇ ನಡೆಯಬೇಕು ಎಂಬುದು ಅದು. ಹಾಗೆಂದವನು ಪ್ಯಾರಿಸ್ಸಿಗೆ ಹೋಗಿ ಮಾಡಿದ್ದೇನು? ಬಾಗಿಲು ಹಾಕಿಕೊಂಡು, ಇನ್ನು ಮೂವರ ಜೊತೆ ಕೂತು, ಲೋಕವನ್ನು ಹರಿದು ಹಂಚಿದ. ಸೀಮೆಸುಣ್ಣವನ್ನು ಮೇಜಿಗೆ ಕುಟ್ಟಿ, "ಮೊದಲನೇದನ್ನೇ ಪಾಲಿಸದವನು ಹದಿನಾಲ್ಕು ಯಾಕೆ ಬರೆದ?" ಎಂದು ಕೇಳುತ್ತಿದ್ದೆ. ಉತ್ತರ ಹೇಳಲಿ ಎಂದು ನಾನೇನೂ ಕೇಳುತ್ತಿರಲಿಲ್ಲ.

ಈಗಲೂ ಟೀವಿ ಹಾಕಿದರೆ ಯಾವನೋ ಒಬ್ಬ ಕೋಟು ತೊಟ್ಟುಕೊಂಡು ಯಾವುದೋ ಯುದ್ಧಕ್ಕೆ ಇಷ್ಟು ಅಂಶದ ಶಾಂತಿ ಸೂತ್ರ ಓದುತ್ತಿರುತ್ತಾನೆ. ನಾನು ರಿಮೋಟು ಹುಡುಕುತ್ತೇನೆ. ನಮ್ಮ ಮನೆಯಾಕೆ ಒಳಗಿನಿಂದಲೇ, "ಬಂದ್ರಾ ನಿಮ್ಮೋರು?" ಎನ್ನುತ್ತಾಳೆ. ಹಿಂದೆಲ್ಲ ಈ ಮಾತು ನನಗೆ ತಮಾಷೆಯಾಗಿ ಕೇಳಿಸುತ್ತಿತ್ತು. ಈಗ ಕೇಳಿಸುವುದಿಲ್ಲ. ಯಾಕೆ ಎನ್ನುವುದನ್ನೇ ಇಲ್ಲಿ ಬರೆಯಹೊರಟಿದ್ದೇನೆ. ನಮ್ಮ ಊರಿನ ಎರಡು ಮನೆಗಳಲ್ಲಿ ಇಂಥದನ್ನು ಓದುವ ಅಭ್ಯಾಸ ಯಾರಿಗೂ ಇಲ್ಲ. ಆ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ನಮ್ಮೂರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆ. ನಾವು ಮೂವರು ಅಣ್ಣತಮ್ಮಂದಿರು. ನಾನು ಕಡೆಯವನು, ಓದಿಕೊಂಡು ಪಟ್ಟಣ ಸೇರಿದವನು. ದೊಡ್ಡಣ್ಣ, ಚಿಕ್ಕಣ್ಣ ಇಬ್ಬರೂ ಊರಲ್ಲೇ ತೆಂಗು, ರಾಗಿ ನೋಡಿಕೊಂಡು ಇದ್ದವರು. ಇವರಿಬ್ಬರಿಗೂ ಹೆಣ್ಣು ತಂದದ್ದು ಗುಬ್ಬಿ ಕಡೆಯ ಒಂದೇ ಮನೆಯಿಂದ. ಅಕ್ಕ ದೊಡ್ಡಣ್ಣನಿಗೆ, ತಂಗಿ ಚಿಕ್ಕಣ್ಣನಿಗೆ. ದೊಡ್ಡತ್ತಿಗೆ ನಮ್ಮ ಮನೆಗೆ ಬಂದಾಗ ನಾನಿನ್ನೂ ಹೈಸ್ಕೂಲು. ನನ್ನ ಬುತ್ತಿ ಕಟ್ಟಿದವರು ಅವರು.

ಪಾಲಾದಾಗ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಮುಂದಿನ ಪಡಸಾಲೆಯಿಂದ ಹಿಂದಿನ ಹಿತ್ತಿಲ ಬೇಲಿಯವರೆಗೂ ಒಂದೇ ಗೋಡೆ, ಸಿಮೆಂಟ್ ಇಟ್ಟಿಗೆಯದು. ಅಪ್ಪ ಕೊರೆಸಿದ್ದ ಬೋರ್‌ವೆಲ್ ಮಾತ್ರ ಪಾಲಾಗಲಿಲ್ಲ. ಅದನ್ನು ಅರ್ಧ ಮಾಡಲು ಬರುವುದಿಲ್ಲವಲ್ಲ. ಕರೆಂಟು ಬಂದಾಗ ಮೋಟರು ಯಾರು ಹಾಕಬೇಕು, ಗೇಟ್‌ವಾಲ್ವ್ ಯಾರ ತೋಟದ ಕಡೆ ತಿರುಗಿರಬೇಕು ಎಂಬುದರ ಮೇಲೆ ಇಬ್ಬರೂ ಗೊಣಗುಟ್ಟುತ್ತಾ ಬಂದರು. ಒಂದು ಬೇಸಗೆಯ ಬೆಳಗ್ಗೆ ಅದು ಕೈಗೆ ಬಂತು. ದೊಡ್ಡಣ್ಣ ಗುದ್ದಲಿ ಕಾವಿನಲ್ಲಿ ತಮ್ಮನ ಮುಂಗೈ ಮುರಿದ. ಚಿಕ್ಕಣ್ಣ ಅಣ್ಣನ ಕಿವಿ ಕಚ್ಚಿದ. ಅರವತ್ತರ ಆಸುಪಾಸಿನ ಇಬ್ಬರು ಗಂಡಸರು ಎರಡು ಆಟೋದಲ್ಲಿ ಒಂದೇ ಆಸ್ಪತ್ರೆಗೆ ಹೋಗಿ ಹೊಲಿಗೆ, ಪಟ್ಟಿ ಹಾಕಿಸಿಕೊಂಡು, ಒಂದೇ ಸ್ಟೇಷನ್ನಿನಲ್ಲಿ ಒಬ್ಬರ ಮೇಲೊಬ್ಬರು ದೂರು ಕೊಟ್ಟು ಬಂದರು. ಊರಿನ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಇದು ನಮ್ಮ ಮನೆಯ ಮಹಾಯುದ್ಧ.

ಆಮೇಲೆ ಆರು ವರ್ಷ ಮಾತಿಲ್ಲ, ಕತೆಯಿಲ್ಲ. ಅಣ್ಣಂದಿರು ಮಾತು ಬಿಟ್ಟರೆ ಬಿಡಲಿ, ಅವರಿಬ್ಬರ ಮಾತಿನಿಂದ ಯಾರಿಗೂ ಉಪಯೋಗ ಇರಲಿಲ್ಲ. ಹೆಂಡತಿಯರಿಗೂ ಕಟ್ಟು ಹಾಕಿದರು. ಆ ಮನೆ ಹೊಸಲು ತುಳಿದರೆ ಈ ಮನೆಗೆ ಬರಬೇಡ ಎಂದು ದೊಡ್ಡಣ್ಣ ಹೇಳಿದ್ದನ್ನು ಚಿಕ್ಕಣ್ಣ ಯಾರ ಬಾಯಲ್ಲೋ ಕೇಳಿಸಿಕೊಂಡು, ತನ್ನ ಮನೆಯಲ್ಲೂ ಅದನ್ನೇ ಹೇಳಿದ. ಒಂದೇ ತಾಯಿಯ ಹೆಣ್ಣುಮಕ್ಕಳು, ಒಂದೇ ಗೋಡೆಯ ಆಚೆ ಈಚೆ, ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋಗಬೇಕು. ನನ್ನ ಅಣ್ಣಂದಿರ ಬಗ್ಗೆ ಅವತ್ತಿನಿಂದ ನನಗೆ ಉಳಿದಿರುವುದು ತಾತ್ಸಾರ ಮಾತ್ರ.

ನಾನು ನಿವೃತ್ತನಾದ ವರ್ಷ ಕೈಯಲ್ಲಿ ಕೆಲಸವಿರಲಿಲ್ಲ. ನಿವೃತ್ತ ಮೇಷ್ಟ್ರಿಗಿಂತ ಅಪಾಯದ ಪ್ರಾಣಿ ಇನ್ನೊಂದಿಲ್ಲ. ಬೆಳಗ್ಗೆ ವಾಕಿಂಗು, ಪೇಪರು, ಮಧ್ಯಾಹ್ನ ನಿದ್ದೆ. ಸಂಜೆಗೆ ಲೋಕವನ್ನು ಸರಿಮಾಡುವ ಯೋಚನೆ. ಹೀಗೇ ಒಂದು ಸಂಜೆ ಊರಿನ ಜಗಳವನ್ನು ನಾನೇ ಮುಗಿಸುತ್ತೇನೆ ಎಂದು ತೀರ್ಮಾನ ಮಾಡಿದೆ. ಆ ಅಧ್ಯಕ್ಷ ಎಲ್ಲೆಲ್ಲಿ ತಪ್ಪಿದ ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಅವನು ಯಾರನ್ನೂ ಕೇಳಲಿಲ್ಲ. ನಾನು ಇಬ್ಬರ ಮನೆಗೂ ಹೋಗಿ ಕೇಳುತ್ತೇನೆ. ಅವನು ಮುಚ್ಚಿದ ಬಾಗಿಲ ಹಿಂದೆ ಮಾತಾಡಿದ. ನಾನು ಎಲ್ಲರ ಎದುರಿಗೆ ಓದುತ್ತೇನೆ. ಅವನು ಮೊದಲನೆಯ ಅಂಶವನ್ನೇ ಮುರಿದ. ನಾನು ಅದನ್ನು ಪ್ರಾಣದ ಹಾಗೆ ಕಾಯುತ್ತೇನೆ. ಹದಿನಾಲ್ಕೇ ಇರಲಿ ಎಂದೂ ಠರಾಯಿಸಿದೆ. ಅವನು ಮಾಡಲಾಗದ್ದನ್ನು ಅದೇ ಸಂಖ್ಯೆಯಲ್ಲಿ ಮಾಡಿ ತೋರಿಸುವ ಚಪಲ ನನಗೆ.

ಮನೆಯಾಕೆಗೆ ಹೇಳಿದಾಗ ಅವಳು ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು. "ಹೋಗ್ಬೇಡಿ ಅಂತ ನಾನ್ ಹೇಳಲ್ಲ. ಹೋಗಿ, ಉಂಡ್ಕೊಂಡ್ ಬನ್ನಿ. ಮಾತಾಡ್ಬೇಡಿ ಅಷ್ಟೇ."

ಹೋದೆ. ಎರಡು ಮೂರು ವಾರ ತುಮಕೂರು, ಕುಣಿಗಲ್ ಬಸ್ಸಿನಲ್ಲಿ ಓಡಾಡಿದೆ. ಒಂದು ದಿನ ದೊಡ್ಡಣ್ಣನ ಮನೆಯಲ್ಲಿ ಊಟ, ಇನ್ನೊಂದು ದಿನ ಚಿಕ್ಕಣ್ಣನ ಮನೆಯಲ್ಲಿ. ಇಬ್ಬರ ದೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನೀರು, ತೋಟದ ದಾರಿ, ಬೇಲಿಗೆ ಒರಗಿದ ತೆಂಗಿನ ಮರದ ಕಾಯಿ ಯಾರ ಕಡೆ ಬಿದ್ದರೆ ಯಾರದು, ಹೀಗೆ. ಅವರ ದೂರುಗಳು ಎಷ್ಟು ಸಣ್ಣವೆಂದರೆ ಬರೆದುಕೊಳ್ಳುವಾಗ ನನಗೆ ನಾಚಿಕೆಯಾಗುತ್ತಿತ್ತು. ಅತ್ತಿಗೆಯರನ್ನು ಏನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಒಂದು ಸಂಜೆ, ದೀಪ ಹಚ್ಚುವ ಮುಂಚೆ, ಕೈ ತೊಳೆಯಲು ದೊಡ್ಡಣ್ಣನ ಹಿತ್ತಿಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ದೊಡ್ಡತ್ತಿಗೆ ಗೋಡೆಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿದ್ದರು. ಗೋಡೆಯ ಬುಡದ ಒಂದು ಇಟ್ಟಿಗೆ ಪಕ್ಕಕ್ಕೆ ಸರಿದಿತ್ತು. ಆ ಕಡೆಯಿಂದ ಬಳೆ ಹಾಕಿದ ಕೈಯೊಂದು ಸಣ್ಣ ಸ್ಟೀಲ್ ಬಟ್ಟಲನ್ನು ಈ ಕಡೆಗೆ ನೂಕಿತು. ಬಟ್ಟಲಿನ ತಳದಲ್ಲಿ ಎರಡು ಚಮಚದಷ್ಟು ಮೊಸರು, ಹೆಪ್ಪು. ದೊಡ್ಡತ್ತಿಗೆ ಬಟ್ಟಲು ತೆಗೆದುಕೊಂಡು, ಆ ಕೈಯನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಇಟ್ಟಿಗೆ ಸರಿಸಿ ಹಿಂದೆ ತಿರುಗಿದರೆ ನಾನು.

ಅವರು ಹೆದರಲಿಲ್ಲ, ಆದರೆ ಮುಖ ಸಣ್ಣಗಾಯಿತು. "ನೋಡಿದ್ದು ನೋಡ್ದಂಗಿರು ಕಣಪ್ಪ," ಅಂದರು. "ನಮ್ಮವ್ವುನ್ ಹೆಪ್ಪು ಇದು. ನನ್ ಮದ್ವೇಲಿ ಗಡಿಗೆಗೆ ಹಾಕ್ ಕಳ್ಸಿದ್ಲು. ನಾನು ತಂಗಿಗ್ ಕೊಟ್ಟೆ. ನಮ್ ಹಸ ಬತ್ತಿದಾಗ ಅವ್ಳತ್ರ ಇರ್ತದೆ, ಅವ್ಳ್ ಹಸ ಬತ್ತಿದಾಗ ನನ್ನತ್ರ. ಅವ್ವ ಹೋದ್ಳು, ಇದೊಂದ್ ಉಳ್ಕೊಂಡದೆ. ಯಾರ್ಗೂ ಅನ್ಬೇಡ."

ಯಾರಿಗೂ ಅನ್ನುವುದಿಲ್ಲ ಎಂದು ತಲೆಯಾಡಿಸಿದೆ. ಮನಸ್ಸು ತುಂಬಿ ಬಂದಿತ್ತು. ತುಮಕೂರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನೇ ಯೋಚಿಸಿದೆ. ಅಲ್ಲಿಗೆ ಬಿಟ್ಟಿದ್ದರೆ ನಾನೂ ಒಬ್ಬ ಮನುಷ್ಯನೇ ಆಗಿರುತ್ತಿದ್ದೆ. ಆದರೆ ತುಮಕೂರು ಬಸ್‌ಸ್ಟ್ಯಾಂಡು ಬರುವ ಹೊತ್ತಿಗೆ ಆ ಬಟ್ಟಲು ನನ್ನ ತಲೆಯಲ್ಲಿ ಒಂದು ಉದಾಹರಣೆಯಾಗಿಬಿಟ್ಟಿತ್ತು. ಮೂವತ್ತೊಂದು ವರ್ಷ ಪಾಠ ಮಾಡಿದ ರೋಗ ಇದು. ಇಂಥ ಪ್ರೀತಿ ಯಾಕೆ ಕದ್ದು ನಡೆಯಬೇಕು, ತಲೆ ಎತ್ತಿಕೊಂಡು ಮುಂಬಾಗಿಲಿನಿಂದ ಯಾಕೆ ಬರಬಾರದು ಎಂದು ನನಗೆ ನಾನೇ ಭಾಷಣ ಮಾಡಿಕೊಂಡೆ.

ಕೋರ್ಟಿನ ಎದುರು ನನಗೆ ಗೊತ್ತಿದ್ದ ಒಂದು ಟೈಪಿಂಗ್ ಅಂಗಡಿ ಇತ್ತು. ಅದನ್ನು ನಡೆಸುವ ಭಾಯ್‌ಗೆ ನನ್ನಷ್ಟೇ ವಯಸ್ಸು. ಅಪ್ಪನ ಕಾಲದಿಂದ ಕರಾರು ಪತ್ರ ಬರೆಯುತ್ತಿರುವ ಮನೆತನ. ನನ್ನ ಹದಿನಾಲ್ಕು ಅಂಶಗಳನ್ನು ಕಂಪ್ಯೂಟರಿನಲ್ಲಿ ಹೊಡೆಯುತ್ತಾ, ಎಲ್ಲಿ ಸಹಿ ಬರಬೇಕು ಎಂದು ಕೇಳಿದರು. ಇಬ್ಬರು ಅಣ್ಣಂದಿರದು, ನಾಲ್ವರು ಸಾಕ್ಷಿಗಳದು ಎಂದೆ.

"ಲೇಡೀಸ್ ಸೈನ್‌ಗೆ ಜಾಗ ಬಿಡ್ಲಾ ಸಾರ್?" ಅಂದರು.

"ಬೇಡ ಭಾಯ್. ಜಗಳ ಗಂಡಸರದು."

"ಜಗಳ ಗಂಡಸ್ರದೇ ಸಾರ್," ಅಂದರು ಅವರು, ಕೀಬೋರ್ಡಿನಿಂದ ಕಣ್ಣು ತೆಗೆಯದೆ. "ಮನೆ?"

ನಾನು ನಕ್ಕುಬಿಟ್ಟೆ. ಭಾಯ್‌ಗೆ ಕರಾರು ಪತ್ರ ಗೊತ್ತು, ಚರಿತ್ರೆ ಗೊತ್ತಿಲ್ಲ ಎಂದುಕೊಂಡೆ. ಮೊದಲನೆಯ ಅಂಶ ಹೀಗಿತ್ತು: 'ಇನ್ನು ಮುಂದೆ ಎರಡು ಮನೆಗಳ ನಡುವೆ ಯಾವ ಕೊಡುಕೊಳ್ಳುವಿಕೆಯೂ ಕದ್ದುಮುಚ್ಚಿ ನಡೆಯತಕ್ಕದ್ದಲ್ಲ, ಎಲ್ಲವೂ ಎದುರಿನಲ್ಲಿಯೇ, ಎರಡೂ ಕಡೆಯ ಯಜಮಾನರ ತಿಳಿವಳಿಕೆಯಲ್ಲಿ ನಡೆಯತಕ್ಕದ್ದು.' ದಪ್ಪ ಅಕ್ಷರದಲ್ಲಿ ಹೊಡೆಸಿದೆ.

ಒಂದು ಭಾನುವಾರ ಬೆಳಗ್ಗೆ ಊರಿನ ನಾಲ್ವರು ಹಿರಿಯರನ್ನು ಕರೆಸಿ, ಇಬ್ಬರ ಮನೆಗೂ ಸೇರದ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿದೆ. ದೊಡ್ಡಣ್ಣ ಆ ತುದಿ, ಚಿಕ್ಕಣ್ಣ ಈ ತುದಿ. ಅತ್ತಿಗೆಯರು ಅವರವರ ಬಾಗಿಲಲ್ಲಿ ನಿಂತಿದ್ದರು. ನಾನು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಹೋಗಿದ್ದೆ. ಎದ್ದು ನಿಂತು ಕನ್ನಡಕ ಏರಿಸಿ ಕಾಗದ ಬಿಡಿಸಿದೆ. ಆ ಗಳಿಗೆಯ ನನ್ನ ಪಟ ಯಾರಾದರೂ ತೆಗೆದಿದ್ದರೆ ಅದನ್ನು ಆ ಇನ್ನೊಂದು ಪಟದ ಪಕ್ಕದಲ್ಲಿ ಅಂಟಿಸಬಹುದಿತ್ತು.

ಮೊದಲನೆಯ ಅಂಶ ಓದಿದೆ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ತರಗತಿಯಲ್ಲಿ ಹೀಗಾದಾಗ ನಾನು ಉದಾಹರಣೆ ಕೊಡುತ್ತಿದ್ದೆ. ಇಲ್ಲೂ ಕೊಟ್ಟೆ. ಶಾಂತಿ ಬೇಕು ಎನ್ನುವುದು ಈ ಮನೆಗಳಲ್ಲಿ ಆಗಲೇ ಇದೆ, ನಿಮಗೆ ಗೊತ್ತಿಲ್ಲ ಅಷ್ಟೇ ಎಂದೆ. ಆರು ವರ್ಷದಿಂದ ಹಿತ್ತಿಲ ಗೋಡೆಯ ತೂತಿನಲ್ಲಿ ಒಂದು ಬಟ್ಟಲು ಹೆಪ್ಪು ಓಡಾಡುತ್ತಿದೆ, ಅದು ಇನ್ನು ಮುಂದೆ ಕದ್ದು ಓಡಾಡಬೇಕಾಗಿಲ್ಲ, ಮುಂಬಾಗಿಲಿನಲ್ಲೇ ಓಡಾಡಲಿ ಎಂದೆ. ಕೊನೆಯ ಮಾತಿಗೆ ದನಿ ಸ್ವಲ್ಪ ಎತ್ತರಿಸಿದ್ದೆ. ಚಪ್ಪಾಳೆ ಬೀಳುತ್ತದೆ ಎಂದು ನಿರೀಕ್ಷಿಸಿದ್ದೆನೋ ಏನೋ.

"ಯಾವ್ ತೂತು?" ಅಂದ ಚಿಕ್ಕಣ್ಣ.

ದೊಡ್ಡಣ್ಣ ನಿಧಾನವಾಗಿ ತಿರುಗಿ ತನ್ನ ಬಾಗಿಲ ಕಡೆ ನೋಡಿದ. "ಅವ್ನ್ ಮನೆ ಮೊಸ್ರು ಉಂಡಿದೀನಾ ನಾನು?" ಎಂದು ಕೇಳಿದ. ಹೆಂಡತಿಯನ್ನು ಕೇಳಿದನೋ, ನನ್ನನ್ನೋ, ತನ್ನ ಹೊಟ್ಟೆಯನ್ನೋ ಗೊತ್ತಿಲ್ಲ. ಚಿಕ್ಕಣ್ಣ ಎದ್ದು ನಿಂತ. "ನಮ್ ಹಸಿನ್ ಹಾಲು ಇವನ್ ಹೊಟ್ಟೆಗ್ ಹೋಗಿದ್ಯಾ ಆರ್ ವರ್ಷ?"

ಆಗ ಹಿರಿಯರಲ್ಲೊಬ್ಬರಿಗೆ ನಗು ತಡೆಯಲಿಲ್ಲ. "ಅಯ್ಯೋ, ಆರ್ ವರ್ಷ ಒಂದೇ ಮಜ್ಗೆ ಕುಡ್ದವ್ರೆ, ಇನ್ಯಾವ್ ಜಗ್ಳ ಬುಡ್ರಪ್ಪ!" ಅಂದರು. ಉಳಿದ ಮೂವರೂ ನಕ್ಕರು. ಒಳ್ಳೆಯ ಮನಸ್ಸಿನ ನಗು ಅದು. ಆದರೆ ಅದರಿಂದಲೇ ಕೆಟ್ಟಿತು. ನನ್ನ ಅಣ್ಣಂದಿರು ಪೆಟ್ಟು ತಿಂದರೆ ತಡೆದುಕೊಳ್ಳುತ್ತಾರೆ, ಕೇಸು ಬಿದ್ದರೆ ತಡೆದುಕೊಳ್ಳುತ್ತಾರೆ. ಮೀಸೆ ಹೊತ್ತುಕೊಂಡು ಹಗೆ ಸಾಧಿಸುತ್ತಾ ಆರು ವರ್ಷ ಹಗೆಯ ಮನೆಯ ಮೊಸರಲ್ಲಿ ಅನ್ನ ಕಲಸಿಕೊಂಡರು ಎಂದು ಊರು ನಗುವುದನ್ನು ತಡೆದುಕೊಳ್ಳುವ ಶಕ್ತಿ ಅವರಿಗಿಲ್ಲ.

ಮುಂದಿನ ಹದಿಮೂರನ್ನು ನಾನು ಓದಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಆಶ್ಚರ್ಯವೆಂದರೆ ಇಬ್ಬರೂ ಸಹಿ ಹಾಕಿದರು. ಪೆನ್ನು ಕಾಗದ ಹರಿಯುವಷ್ಟು ಒತ್ತಿ ಹಾಕಿದರು. ಮೊದಲನೆಯ ಅಂಶದ ಮೇಲೆ ಇಬ್ಬರಿಗೂ ಅಷ್ಟು ಪ್ರೀತಿ ಬಂದಿತ್ತು.

ಹಿರಿಯರು ಕಾಫಿ ಕುಡಿದು ಎದ್ದು ಹೋದ ಮೇಲೆ ಹಿತ್ತಿಲಲ್ಲಿ ಗಾರೆ ಕರಣೆಯ ಸದ್ದಾಯಿತು. ಹೋಗಿ ನೋಡಿದೆ. ದೊಡ್ಡಣ್ಣನ ಹತ್ತಿರ ಕೊಟ್ಟಿಗೆ ಕೆಲಸದಲ್ಲಿ ಉಳಿದ ಅರ್ಧ ಚೀಲ ಸಿಮೆಂಟಿತ್ತು, ಮರಳಿರಲಿಲ್ಲ. ಚಿಕ್ಕಣ್ಣನ ಹತ್ತಿರ ಮರಳಿತ್ತು, ಸಿಮೆಂಟಿರಲಿಲ್ಲ. ದೊಡ್ಡಣ್ಣ ಬಾಂಡ್ಲಿಯಲ್ಲಿ ಸಿಮೆಂಟು ತುಂಬಿ ಗೋಡೆಯ ಮೇಲಿಂದ ಕೊಟ್ಟ; ಅದೇ ಬಾಂಡ್ಲಿಯಲ್ಲಿ ಮರಳು ಈ ಕಡೆ ಬಂತು. ಆರು ವರ್ಷದಲ್ಲಿ ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ. ಎದುರಿನಲ್ಲಿಯೇ, ಎರಡೂ ಕಡೆಯ ಯಜಮಾನರ ತಿಳಿವಳಿಕೆಯಲ್ಲಿ, ನಾನು ಬರೆದ ಹಾಗೇ. ಒಬ್ಬ ಆ ಕಡೆಯಿಂದ, ಒಬ್ಬ ಈ ಕಡೆಯಿಂದ ತೂತು ಮುಚ್ಚಿ, ಕರಣೆಯಿಂದ ನುಣ್ಣಗೆ ಸವರಿದರು.

"ಏನ್ಲಾ ಮೇಷ್ಟ್ರೇ, ಸರ್ಯಾಗಿದ್ಯಾ ನೋಡು," ಅಂದ ದೊಡ್ಡಣ್ಣ. ಚಿಕ್ಕತ್ತಿಗೆ ಗೋಡೆಯ ಆಚೆಯಿಂದ ನನಗೆ ಕೇಳಿಸುವ ಹಾಗೆ, "ಚೆನ್ನಾಗ್ ಓದುದ್ರಿ ಮೇಷ್ಟ್ರೇ," ಅಂದರು. ದೊಡ್ಡತ್ತಿಗೆ ನನ್ನ ಕಡೆ ನೋಡದೆ ಕಲ್ಲಿನ ಮೇಲಿದ್ದ ಬಟ್ಟೆ ಒಗೆಯತೊಡಗಿದರು. ಅವತ್ತು ಎರಡು ಮನೆಯಲ್ಲೂ ನನಗೆ ಊಟಕ್ಕೆ ಏಳಿ ಎಂದವರಿಲ್ಲ. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಬನ್ನು ತಿಂದು ತುಮಕೂರಿಗೆ ಬಂದೆ. ನಡೆದದ್ದನ್ನೆಲ್ಲ ಕೇಳಿಸಿಕೊಂಡ ಮನೆಯಾಕೆ, "ಅವ್ರು ಯಾರ್ಗೂ ಅನ್ಬೇಡ ಅಂದಿದ್ರಾ?" ಎಂದು ಕೇಳಿದಳು. ಹೌದು ಎಂದೆ. ಅವಳು ಎದ್ದು ಒಳಗೆ ಹೋದಳು.

ಉಳಿದ ಹದಿಮೂರರ ಗತಿ ಹೇಳುವುದು ಸುಲಭ. ಮೋಟರಿನ ಸರದಿಯ ಪಟ್ಟಿಯನ್ನು ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಅಂಟಿಸಿ ಬಂದಿದ್ದೆ. ವಾರದೊಳಗೆ ಯಾರದೋ ಹಸು ಅದನ್ನು ತಿಂದು ಹಾಕಿತು. ಮಾತು ಮತ್ತೆ ಬಂದ್ ಆಯಿತು, ವಾಲ್ವ್ ಮತ್ತೆ ತಿರುಗಿತು. ಹದಿನಾಲ್ಕರಲ್ಲಿ ಜಾರಿಯಾದದ್ದು ಒಂದೇ. ಆ ಅಧ್ಯಕ್ಷನನ್ನು ಅಷ್ಟು ವರ್ಷ ಬೈದೆನಲ್ಲ, ಮೊದಲನೆಯದನ್ನೇ ಪಾಲಿಸಲಿಲ್ಲ ಎಂದು; ನಾನು ಅದನ್ನು ಪಾಲಿಸಿದೆ. ಅವನ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ. ಆದರೆ ಈಗ ಅದರ ಜೊತೆಗೆ ನನ್ನ ಮುಖವೂ ಕಾಣುತ್ತದೆ, ಅದು ಅಸಹ್ಯ.

ಎಂಟು ಒಂಬತ್ತು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ಕೊತ್ತಗೆರೆಯಲ್ಲಿ ಹಳೆಯ ಶಿಷ್ಯನೊಬ್ಬನ ಗೃಹಪ್ರವೇಶಕ್ಕೆ ಹೋದವನು, ಅಷ್ಟು ಹತ್ತಿರ ಬಂದು ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಊರಿಗೆ ಹೋದೆ. ಅಣ್ಣಂದಿರಿಬ್ಬರೂ ತೋಟದಲ್ಲಿದ್ದರು. ದೊಡ್ಡತ್ತಿಗೆ, "ಬಾಪ್ಪ" ಎಂದು ಎಂದಿನಂತೆಯೇ ಕರೆದು, ಬೇಡವೆಂದರೂ ಕೇಳದೆ ತಟ್ಟೆ ಹಾಕಿದರು. ಮುದ್ದೆ, ಸಾರು, ಅನ್ನ. ಕೊನೆಗೆ ಒಂದು ಪ್ಯಾಕೆಟ್ ತಂದು, ಅದರ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ, ತಟ್ಟೆಗೆ ಮೊಸರು ಸುರಿದರು.

ನಾನು ಆ ಪ್ಯಾಕೆಟ್ಟನ್ನೇ ನೋಡುತ್ತಿದ್ದೆ. ಅವರೇ ಹೇಳಿದರು. "ಹಸ ಬತ್ತಿ ಮೂರ್ ತಿಂಗ್ಳಾಯ್ತು. ಹೆಪ್ಪು ಇಡಕ್ಕೆ ಹಾಲಿಲ್ಲ. ಅಂಗ್ಡಿ ಹಾಲ್ಗೆ ಹಾಕಿ ನೋಡ್ದೆ, ನೂಲ್ ನೂಲಾಗಿ ಕೆಟ್ಟೋಯ್ತು. ಹೋಗ್ಲಿ ಬುಡು. ಅವ್ಳತ್ರ ಇದ್ದೇ ಇರ್ತದೆ. ಅವ್ಳು ಬಿಡೋಳಲ್ಲ."

ನಾನು ಹೋಗಿ ಸ್ವಲ್ಪ ಇಸಿದುಕೊಂಡು ಬರಲೇ ಎಂದೆ.

"ಬ್ಯಾಡ," ಅಂದರು ತಟ್ಟನೆ. "ನೀನ್ ಏನೂ ಕೇಳ್ಬೇಡ. ನೀನ್ ಕೇಳಿದ್ದು, ಹೇಳಿದ್ದು ಎಲ್ಲಾ ಸಾಕು. ಇವ್ರಿಗ್ ಗೊತ್ತಾದ್ರೆ ಮತ್ತೆ ರಾಮಾಯ್ಣ." ಸ್ವಲ್ಪ ತಡೆದು ಮೆಲ್ಲಗೆ ಸೇರಿಸಿದರು. "ಹೆಂಗೂ ಆ ಮನೆಗೂ ಹೋಗ್ತೀಯಲ್ಲ. ಇದ್ಯಾ ಅಂತ ನೋಡ್ಕೊಂಡ್ ಬಾ. ಅಷ್ಟೇ."

ಚಿಕ್ಕಣ್ಣನ ಮನೆಯಲ್ಲಿ ಚಿಕ್ಕತ್ತಿಗೆ ಒಬ್ಬರೇ ಇದ್ದರು. ನನ್ನ ಮೇಲಿನ ಸಿಟ್ಟು ಅವರಲ್ಲಿ ಇನ್ನೂ ಇತ್ತು, ಇದ್ದದ್ದು ನ್ಯಾಯವೇ. ಮಾತಿಲ್ಲದೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಒಂದು ಗುಟುಕಿಗೆ ಗೊತ್ತಾಯಿತು, ಇದು ಆ ಹುಳಿಯಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಅದೇ ನಮೂನೆಯ ಪ್ಯಾಕೆಟ್ಟಿತ್ತು, ಮೂಲೆ ಕತ್ತರಿಸಿದ್ದು.

ನಾನು ನೋಡಿದ್ದನ್ನು ಅವರು ನೋಡಿದರು. "ನಂದು ಹೋಗಿ ಶ್ಯಾನೆ ದಿನ ಆಯ್ತು," ಅಂದರು. "ಜ್ವರ ಬಂದು ಮಲ್ಗಿದ್ದೆ. ಈ ಗಂಡಸ್ರಿಗೇನ್ ಗೊತ್ತಾಗ್ತದೆ, ಗಡಿಗೆ ತೊಳ್ದು ಬೋರಲು ಹಾಕಿದ್ರು. ಮುಂಚಿನಂಗಾಗಿದ್ರೆ ಸಂಜೆಗೇ ಅಕ್ಕ ಕೊಡೋಳು." 'ಮುಂಚಿನಂಗಾಗಿದ್ರೆ' ಎಂದಾಗ ನನ್ನ ಮುಖ ನೋಡಿದರು. ಆಮೇಲೆ ಕಣ್ಣು ತಗ್ಗಿಸಿ, ಸೆರಗಿನ ತುದಿ ಹಿಡಿದುಕೊಂಡು ಕೇಳಿದರು. "ಅಕ್ಕುನ್ ಮನೇಲಿ ಉಂಡ್ರಲ್ಲ? ಅವಳ್ದು ಇದ್ಯಾ ತಾನೆ? ಒಂದ್ ಕಡೆ ಇದ್ರೆ ಸಾಕು."

ನಿಜ ಹೇಳುವುದೇ ಧರ್ಮ ಎಂದು ಮೂವತ್ತೊಂದು ವರ್ಷ ಬೋಧಿಸಿದವನು ನಾನು. ಎಲ್ಲವೂ ಎದುರಿನಲ್ಲಿಯೇ ನಡೆಯತಕ್ಕದ್ದು ಎಂದು ದಪ್ಪ ಅಕ್ಷರದಲ್ಲಿ ಹೊಡೆಸಿದವನು.

"ಇದೆ ಅತ್ತಿಗೆ," ಎಂದೆ. ಅವರು ಉಸಿರು ಬಿಟ್ಟು, ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿದರು. ಆ ಎಂಟೊಂಬತ್ತು ತಿಂಗಳಲ್ಲಿ ನನಗೆ ಯಾರಾದರೂ ಕೊಟ್ಟ ಮೊದಲ ಕ್ಷಮೆ ಅದು, ಸುಳ್ಳಿಗೆ ಸಿಕ್ಕಿದ್ದು.

ಹೊರಗೆ ಬಂದು ಹೊಂಗೆ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಗುಬ್ಬಿಯ ಕಡೆಯ ಒಬ್ಬ ತಾಯಿ ಗಡಿಗೆಗೆ ಹಾಕಿ ಕಳಿಸಿದ್ದು, ಎರಡು ಮನೆಯಲ್ಲಿ ಸರದಿಯಂತೆ ಬದುಕಿದ್ದದ್ದು, ಈಗ ಎಲ್ಲೂ ಇಲ್ಲ; ಇಲ್ಲವೆಂದು ಗೊತ್ತಿರುವವನು ಲೋಕದಲ್ಲಿ ನಾನೊಬ್ಬನೇ. ದೊಡ್ಡತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದರು.

"ಇದೆ," ಎಂದೆ.

"ಹುಳಿ? ಅವ್ವುನ್ ಥರಾನೇ ಇದ್ಯಾ?"

"ಅದೇ ಹುಳಿ."

ಅವರು ಸೆರಗಿನಿಂದ ಕಣ್ಣು ಒತ್ತಿಕೊಂಡರು. "ಇದ್ರೆ ಸಾಕು ಬುಡು," ಅಂದರು. ಆಮೇಲೆ ತೋಟದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಯಾರ್ಗೂ ಅನ್ಬೇಡ" ಅಂದರು.

ತಲೆಯಾಡಿಸಿದೆ. ಇವತ್ತಿಗೂ ಆ ಎರಡು ಮನೆಗಳಲ್ಲಿ ನಾನು ಅದನ್ನು ಅಂದಿಲ್ಲ.